ಹೂಳು ತೆಗೆಯುವುದು ಮೆಣಸಗಿಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ ಹುಟ್ಟುವ ಬೆಣ್ಣೆಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ದಾಟಿ, ದಾರಿಯಲ್ಲಿ ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು, ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಗೆ ಸೇರುತ್ತದೆ. ಹಾವೇರಿ, ಧಾರವಾಡ, ಗದಗ ಹೀಗೆ ಮೂರು ಜಿಲ್ಲೆಗಳ ಹಳ್ಳ ಇದು. ಆದರೆ ನೆರೆ ತಡೆಯಲು ಹೂಳು ತೆಗೆಯುವ ಟೆಂಡರು ಆಗುವುದು ತಾಲ್ಲೂಕಿಗೊಂದರಂತೆ, ತುಂಡು ತುಂಡಾಗಿ.

ತೊಡಕು ಇರುವುದು ಇಲ್ಲೇ. ಮೇಲಿನ ಭಾಗದಲ್ಲಿ ಮಾತ್ರ ಹೂಳು ತೆಗೆದು ಅಗಲ ಮಾಡಿದರೆ ನೀರು ಕಡಿಮೆಯಾಗುವುದಿಲ್ಲ, ಕೆಳಗಿನ ಊರಿಗೆ ಬೇಗ ಬರುತ್ತದೆ ಅಷ್ಟೇ. ಕೆಲಸ ಸಂಗಮದಿಂದ ಮೇಲಕ್ಕೆ, ಮೆಣಸಗಿ, ಯಾವಗಲ್, ಯಮನೂರು ಎಂದು ಏರುತ್ತ ಹೋಗಬೇಕು. ತೆಗೆದ ಮಣ್ಣನ್ನು ದಂಡೆಯ ಮೇಲೇ ಗುಡ್ಡೆ ಹಾಕುವುದನ್ನೂ ಬಿಡಬೇಕು. ಎರೆ ಮಣ್ಣು ಅದು, ಮೊದಲ ದೊಡ್ಡ ಮಳೆಗೇ ಮತ್ತೆ ಹಳ್ಳಕ್ಕೆ ಇಳಿಯುತ್ತದೆ. ದಂಡೆಯನ್ನು ಗೋಡೆಯಂತೆ ನೇರ ಕಡಿದರೂ ನಿಲ್ಲುವುದಿಲ್ಲ. ಒಂದು ಮೀಟರ್ ಆಳಕ್ಕೆ ಎರಡು ಮೀಟರ್‌ನಷ್ಟು ಇಳಿಜಾರು ಬಿಡಬೇಕು. ಹಳ್ಳದಲ್ಲಿ ಬೆಳೆದ ಜಾಲಿಯನ್ನು ಬೇರುಸಮೇತ ಕೀಳದೆ ಬುಡಕ್ಕೆ ಕಡಿದು ಕೆಲಸದ ಬಿಲ್ ಮಾಡಿದರೆ ಎರಡೇ ವರ್ಷದಲ್ಲಿ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಕೊಚ್ಚಿಕೊಂಡು ಬಂದ ಅದೇ ಜಾಲಿ ಪೈಪು ಮೋರಿಗಳ ಬಾಯಿಗೆ ಸಿಕ್ಕಿ, ತಗ್ಗಿನ ಸೇತುವೆಯನ್ನೇ ಒಡ್ಡು ಮಾಡಿಬಿಡುತ್ತದೆ. ಬಂದಾರಗಳ (ಹಳ್ಳಕ್ಕೆ ಅಡ್ಡ ಕಟ್ಟಿದ ಚಿಕ್ಕ ಒಡ್ಡುಗಳ) ಗೇಟು ಮೇ ಮುಗಿಯುವುದರೊಳಗೆ ತೆಗೆದಿರಬೇಕು. ಹೂಳಿನಲ್ಲಿ ಹೂತ ಗೇಟನ್ನು ನೆರೆ ಬಂದ ರಾತ್ರಿ ಯಾರೂ ಎತ್ತಲಾರರು.

ಹಳ್ಳವಷ್ಟೇ ಸರಿಯಾದರೂ ಸಾಲದು. ಬೆಣ್ಣೆಹಳ್ಳಕ್ಕೆ ಅಣೆಕಟ್ಟಿಲ್ಲ, ಮಲಪ್ರಭೆಗೆ ನವಿಲುತೀರ್ಥದಲ್ಲಿ 37.73 ಟಿಎಂಸಿ ಸಾಮರ್ಥ್ಯದ ಜಲಾಶಯವಿದೆ. ಅಲ್ಲಿಂದ ಬಿಟ್ಟ ನೀರಿನಿಂದ ಹೊಳೆ ತುಂಬಿ ಹರಿಯುತ್ತಿದ್ದರೆ ಹಳ್ಳದ ನೀರು ಒಳಗೆ ಹೋಗಲಾರದೆ ಹಿಂದಕ್ಕೆ ಒತ್ತಿ ಹೊಲಗಳಿಗೆ ನುಗ್ಗುತ್ತದೆ. 300 ಚದರ ಕಿ.ಮೀ. ಪ್ರದೇಶದ ಮೇಲೆ ಒಂದೇ ರಾತ್ರಿ 100 ಮಿ.ಮೀ. ಮಳೆ ಸುರಿದರೆ ಅದು ಒಂದು ಟಿಎಂಸಿಗಿಂತ ಹೆಚ್ಚು ನೀರು. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದಾಗ ಕುಡಿಯುತ್ತದೆ, ಒಮ್ಮೆ ನೆನೆದು ಉಬ್ಬಿತೆಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆದ್ದರಿಂದ ಇಂತಹ ರಾತ್ರಿಗಳನ್ನು ಅಪರೂಪ ಎಂದು ಬದಿಗಿಡುವ ಕಾಲ ಹೋಯಿತು.

ಜಲಾಶಯದಲ್ಲಿ ಮೊದಲೇ ಜಾಗ ಖಾಲಿ ಇಡಿ ಎನ್ನುವುದು ಸುಲಭ. ಹುಬ್ಬಳ್ಳಿ–ಧಾರವಾಡ ಕುಡಿಯುವುದೂ ಅದೇ ನೀರನ್ನು. ಖಾಲಿ ಮಾಡಿದ ಮೇಲೆ ಮಳೆ ಕೈಕೊಟ್ಟರೆ ಅಧಿಕಾರಿಯ ತಲೆಗೇ ಬರುತ್ತದೆ. ಆ ಹೆದರಿಕೆ ಸುಳ್ಳಲ್ಲ. ಆದರೆ 2019ರ ನೆರೆ ಆಗಸ್ಟ್‌ನಲ್ಲಿ ಬಂತು, 2009ರದ್ದು ಸೆಪ್ಟೆಂಬರ್ ಕೊನೆಗೆ. ಎರಡಕ್ಕೂ ಒಂದೇ ಮಟ್ಟ ಹೊಂದುವುದಿಲ್ಲ. ಹದಿನೈದು ದಿನಕ್ಕೊಂದರಂತೆ ಜಲಾಶಯದ ಮಟ್ಟ ನಿಗದಿಪಡಿಸಿ ಬರವಣಿಗೆಯಲ್ಲಿ ಪ್ರಕಟಿಸಿದರೆ ಹೊಣೆ ಒಬ್ಬ ಎಂಜಿನಿಯರ್ ಮೇಲೆ ಬೀಳುವುದಿಲ್ಲ. ಬೆಣ್ಣೆಹಳ್ಳ ತುಂಬಿದ ಸುದ್ದಿ ಬಂದಾಗ, ಜಲಾಶಯಕ್ಕೆ ಅಪಾಯವಿಲ್ಲದಿದ್ದರೆ, ಗೇಟನ್ನು ಕೆಲವು ಗಂಟೆ ತಗ್ಗಿಸಲೂ ಅವರಿಗೆ ಧೈರ್ಯ ಬರುತ್ತದೆ.

ಆ ಸುದ್ದಿ ಕೊಡುವವರು ಯಾರು? ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಕುಂದಗೋಳದ ಮಳೆ ರೋಣದ ತಹಶೀಲ್ದಾರರಿಗೆ ತಾನಾಗಿ ತಲುಪಬೇಕು. ಪ್ರತಿ ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಅಡಿ ಗುರುತು ಬರೆದು, ಮಳೆಗಾಲದಲ್ಲಿ ಗಂಟೆಗೊಮ್ಮೆ ಓದಿ ಕೆಳಗಿನ ಊರಿಗೆ ಫೋನು ಮಾಡಲು ಒಬ್ಬರನ್ನು ನೇಮಿಸಿದರೆ ಸಾಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮೂವರು ಜಿಲ್ಲಾಧಿಕಾರಿಗಳು, ನೀರಾವರಿ ನಿಗಮ ಹಾಗೂ ಸೇತುವೆಗಳ ಇಲಾಖೆಗಳು ಏಪ್ರಿಲ್‌ನಲ್ಲೇ ಒಂದು ಮೇಜಿನ ಸುತ್ತ ಕೂರಬೇಕು, ಜುಲೈನಲ್ಲಲ್ಲ.

ಇನ್ನು ಪರಿಹಾರ. 2022–26ರ ಅವಧಿಯ ವಿಪತ್ತು ಪರಿಹಾರ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆಹಾನಿಗೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ ₹8,500, ನೀರಾವರಿಗೆ ₹17,000, ಅದೂ 2 ಹೆಕ್ಟೇರಿನವರೆಗೆ. ಹಣ ಕಡಿಮೆ ಎನ್ನುವುದು ಒಂದು ಮಾತು. ಸಿಗಬೇಕಾದದ್ದೂ ತಪ್ಪಿಹೋಗುವುದು ಇನ್ನೊಂದು. ಬೆಳೆ ಸಮೀಕ್ಷೆಯಲ್ಲಿ ಹೆಸರು ಬೆಳೆಯ ಬದಲು ಗೋವಿನಜೋಳ ದಾಖಲಾಗಿರುತ್ತದೆ, ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಇವೆಲ್ಲ ನೆರೆ ಇಳಿದ ಮೇಲೆ ಸರಿಪಡಿಸುವ ಕೆಲಸಗಳಲ್ಲ. ದಂಡೆಯ ಊರುಗಳಲ್ಲಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಅದಾಲತ್ತನ್ನು ಬೇಸಿಗೆಯಲ್ಲೇ ನಡೆಸಬಹುದು. ಹೊಲದಲ್ಲಿ 3 ಇಂಚಿಗಿಂತ ಹೆಚ್ಚು ಹೂಳು ಕೂತಿದ್ದರೆ ಅದನ್ನು ತೆಗೆಯಲು ಅದೇ ಮಾನದಂಡದಲ್ಲಿ ಹೆಕ್ಟೇರಿಗೆ ₹18,000 ಬೇರೆಯೇ ಉಂಟು. ಪಂಚನಾಮೆಯಲ್ಲಿ ಹೂಳಿನ ದಪ್ಪ ಅಳೆದು ಬರೆಸದಿದ್ದರೆ ಅದು ಸಿಗುವುದಿಲ್ಲ. ಹರಗುವ ಮುನ್ನವೇ ಗ್ರಾಮ ಆಡಳಿತಾಧಿಕಾರಿಯನ್ನು ಹೊಲಕ್ಕೆ ಕರೆಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿಕೊಳ್ಳಿ.

– ಬೆಣ್ಣೆಹಳ್ಳದ ದಂಡೆಯ ರೈತರು, ರೋಣ ತಾಲ್ಲೂಕು, ಗದಗ ಜಿಲ್ಲೆ