ಸೇತುವೆ ದಾಟೋಕೆ ಯಾವ ವೀಸಾ ಸಾರ್?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಆದಿ ಕೈಲಾಸ ಟ್ರಿಪ್ ಬಗ್ಗೆ ಬಂದಿದ್ದು ಓದ್ದೆ. ದಾರಿಲಿ ಸಿಗೋ, ನೇಪಾಳ ಗಡೀಲಿರೋ ಧಾರ್ಚುಲಾ ಬಗ್ಗೆ ಎರಡೇ ಲೈನು, ಪರ್ಮಿಟ್ ಮಾಡಿಸ್ಕೊಂಡು ರಾತ್ರಿ ತಂಗೋ ಊರು ಅಂತ, ಸಾಲದ್ದಕ್ಕೆ ಎದುರುಗಡೆ ನೇಪಾಳಕ್ಕೆ ಕಾಲಿಡೋಕೆ ವೀಸಾ ಬೇಕು ಅಂತ ಬೇರೆ ಹಾಕಿದೀರ. ನಮ್ಮೋರಿಗೆ ವೀಸಾ ಬೇಡ ಸ್ವಾಮಿ, 1950ರ ಭಾರತ-ನೇಪಾಳ ಒಪ್ಪಂದ ಆದಾಗಿಂದ ಹಂಗೇ ಇದೆ, ವೋಟರ್ ಐಡಿ ಜೇಬಲ್ಲಿದ್ರೆ ಆಯ್ತು.

ಕಾಳಿ ನದಿ ಅಂದ್ರೆ ನಮಗೆ ದಾಂಡೇಲಿ ನೆನಪಾಗತ್ತೆ, ಇದು ಆ ಕಾಳಿ ಅಲ್ಲ. ಇದು ಉತ್ತರಾಖಂಡದ ಪಿಥೋರಾಗಢ ಜಿಲ್ಲೆದು, ನೇಪಾಳದವರು ಮಹಾಕಾಳಿ ಅಂತಾರೆ, ಬ್ರಿಟಿಷರಿಗೂ ನೇಪಾಳಕ್ಕೂ ಆದ 1816ರ ಸುಗೌಲಿ ಒಪ್ಪಂದದಲ್ಲಿ ಇದನ್ನೇ ಗಡಿ ಮಾಡಿದ್ದು. ಈ ದಡದಲ್ಲಿ ಧಾರ್ಚುಲಾ, ಆ ದಡದಲ್ಲಿ ದಾರ್ಚುಲಾ, ಮಧ್ಯೆ ನಡ್ಕೊಂಡು ಹೋಗೋ ತೂಗುಸೇತುವೆ ಒಂದು. ನೇಪಾಳದ ಟೈಮ್ ನಮಗಿಂತ 15 ನಿಮಿಷ ಮುಂದೆ, ಲಾಡ್ಜಲ್ಲಿ ನನ್ನ ಫೋನ್ ಆ ಕಡೆ ಟವರ್ ಹಿಡ್ಕೊಂಡು ಅಷ್ಟು ಮುಂದಕ್ಕೆ ಹೋಗ್ಬಿಟ್ಟು, 5 ಗಂಟೆ ಅಲಾರಾಂ ಪೌಣೆ ಐದಕ್ಕೇ ಹೊಡ್ಕೊಳ್ತು, ಹೆಂಡ್ತಿ ಕೈಲಿ ಬೈಸ್ಕೊಂಡಿದ್ದು ನಾನು.

ಬೆಳಗ್ಗೆ ಸೇತುವೆ ಹತ್ರ ಹೋಗಿ ನಿಂತೆ. ಒಬ್ರು ಅಜ್ಜಿ, ಬೆನ್ನ ಮೇಲೆ ಬುಟ್ಟಿ, ಅದರ ಪಟ್ಟಿ ಹಣೆಗೆ, ಬುಟ್ಟಿ ಒಳಗೆ ಹೊಸ ಪ್ರೆಷರ್ ಕುಕ್ಕರ್, ರೇಟ್ ಸ್ಟಿಕ್ಕರ್ ಇನ್ನೂ ಕಿತ್ತಿರಲಿಲ್ಲ. ಗಡಿ ಕಾಯೋ ನಮ್ಮ ಎಸ್‌ಎಸ್‌ಬಿ ಪಡೆ ಜವಾನ ಮುಚ್ಚಳ ತೆಗ್ದು ಒಳಗೆ ನೋಡಿ, ವಾಪಸ್ ಮುಚ್ಚಿ, ಹೋಗಮ್ಮ ಅನ್ನೋ ಥರ ಕೈ ಮಾಡ್ದ. ಅಜ್ಜಿ ಹೋಗ್ತಾನೇ ಇದ್ರು, ನಿಂತೇ ಇರಲಿಲ್ಲ ಅನ್ನಬೇಕು. ಗಡಿ ಅಂದ್ರೆ ಬೇಲಿ, ಗನ್ ಅಂತಷ್ಟೇ ಟೀವಿಲಿ ನೋಡಿದ್ದ ನನಗೆ ಇದು ವಿಚಿತ್ರ ಅನ್ನಿಸ್ತು. 2020ರಲ್ಲಿ ಇಲ್ಲೇ ಮೇಲೆ ಲಿಪುಲೇಖ್ ಕಣಿವೆಗೆ ನಾವು ರೋಡ್ ಮಾಡಿದ್ದಕ್ಕೆ ನೇಪಾಳ ಆಕ್ಷೇಪ ಎತ್ತಿ ಗಲಾಟೆ ಆದಾಗ ನಿಮ್ಮ ಪೇಪರ್ ತುಂಬ ಮ್ಯಾಪು, ಕುಕ್ಕರ್ ಅಜ್ಜಿ ಥರದವರು ಆಗೆಲ್ಲೂ ಕಾಣ್ಲಿಲ್ಲ. 2013ರ ಜೂನಲ್ಲಿ ನದಿ ಉಕ್ಕಿದಾಗ ಎರಡೂ ದಡದ ಮನೆಗಳನ್ನ ಎಳ್ಕೊಂಡು ಹೋಯ್ತು, ಅದು ಯಾವ ದೇಶದ್ದು ಅಂತ ಕೇಳ್ಲಿಲ್ಲ.

ಇನ್ನೊಂದು. ನಮ್ಮ ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರು ಆ ಕಡೆ ದಾರ್ಚುಲಾ ಜಿಲ್ಲೆಯವರು ಅಂತ ಗೊತ್ತಾಗಿದ್ದೇ ನಾನು ವಾಪಸ್ ಬಂದ್ಮೇಲೆ, ಆರು ವರ್ಷದಿಂದ ಗೂರ್ಖಾ ಅಂತಷ್ಟೇ ಕರೀತಿದ್ವಿ. ಫೋಟೋ ತೋರಿಸ್ದೆ. ನಾನು ತೆಗೆದಿದ್ದು ಸೇತುವೆನ, ಅವರು ಬೆರಳಲ್ಲಿ ಝೂಮ್ ಮಾಡಿದ್ದು ಹಿಂದಿನ ಗುಡ್ಡನ. ಬೆಂಗಳೂರಿಂದ ದೆಹಲಿಗೆ ರೈಲು, ಅಲ್ಲಿಂದ ಬಸ್ಸು, ಮೂರ್ನಾಲ್ಕು ದಿನದ ದಾರಿ, ಸಂಜೆ ಸೇತುವೆ ಗೇಟ್ ಹಾಕೋದ್ರೊಳಗೆ ತಲುಪ್ಲಿಲ್ಲ ಅಂದ್ರೆ ಮನೆ ಕಣ್ಣೆದುರಿಗಿದ್ರೂ ರಾತ್ರಿ ಈ ದಡದಲ್ಲೇ ಮಲಗಬೇಕು ಸಾರ್ ಅಂದ್ರು.

ಆ ವೀಸಾ ಲೈನ್ ಒಂದು ದಯವಿಟ್ಟು ಬೇಗ ತಿದ್ದಿ ಹಾಕಿ. ನಮ್ಮ ಬಿಲ್ಡಿಂಗಿಂದ ಇನ್ನೊಂದು ಗ್ಯಾಂಗ್ ಹೊರಟಿದೆ, ನಿಮ್ಮ ಲೇಖನ ಓದಿ ಎಲ್ಲಾ ಪಾಸ್‌ಪೋರ್ಟ್ ಹುಡುಕ್ತಾ ಕೂತಿದಾರೆ.

ಇಂತಿ,
ಒಬ್ಬ ಓದುಗ, ಬನಶಂಕರಿ, ಬೆಂಗಳೂರು