ಮೊದಲು ಕೊಯ್ಯೋದು ಕಲಿ, ಆಮೇಲೆ ನೆಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಊರಿನ ಒಂದೂವರೆ ಎಕರೆಯಲ್ಲಿ ಹೂವು ಬೆಳೆಯೋಣ ಅಂತ ಮನಸ್ಸು ಮಾಡಿದ್ದೀಯ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ, ಅದೇ ಪಾಲಿಹೌಸಿಗೆ ಸಾಲ ಸಿಗುತ್ತಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿಯೂ ಬಂದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಜೊತೆಗೇ ಎದೆಯಲ್ಲಿ ಸ್ವಲ್ಪ ಅಳುಕೂ ಆಯಿತು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯಲು ಕೂತೆ. ಈಗ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೂವಿಗೆ ರೇಟೂ ಇಲ್ಲ. ನನಗೂ ಸ್ವಲ್ಪ ಬಿಡುವಿದೆ.

ನೀನು ಕೇಳಿದ್ದು ಯಾವ ಹೂವು ನೆಡಲಿ, ಎಷ್ಟು ಅಂತರ ಕೊಡಲಿ ಅಂತ. ಅದನ್ನೆಲ್ಲ ಹೇಳುತ್ತೇನೆ. ಆದರೆ ಮೊದಲು ಕೊಯ್ಯೋದು ಕಲಿ ಕಣೋ. ನೆಡೋದು, ಗೊಬ್ಬರ ಹಾಕೋದು, ಔಷಧಿ ಹೊಡೆಯೋದು ಹೇಳಿಕೊಡೋಕೆ ನೂರು ಜನ ಸಿಗುತ್ತಾರೆ. ಮೂರು ತಿಂಗಳು ಕಷ್ಟಪಟ್ಟು ಬೆಳೆಸಿದ್ದನ್ನು ಅರ್ಧ ಗಂಟೆಯಲ್ಲಿ ಹಾಳು ಮಾಡಿಕೊಳ್ಳುವ ಜಾಗ ಕೊಯ್ಲು. ಅದನ್ನು ಯಾರೂ ಬಾಯಲ್ಲಿ ಹೇಳಿಕೊಡೋಕೆ ಆಗಲ್ಲ. ಮಡಿಯಲ್ಲಿ ನಿಂತೇ ಕಲಿಯಬೇಕು.

ನಮ್ಮ ಸುಗಂಧರಾಜದ ಮಡಿಗೆ ಬೆಳಗಿನ ಐದಕ್ಕೆ ಇಳಿಯುತ್ತೇವೆ. ತಲೆಗೆ ಟಾರ್ಚ್ ಕಟ್ಟಿಕೊಂಡಿರುತ್ತೇವೆ. ಒಂದು ಸಾಲು ಮುಗಿಯುವಷ್ಟರಲ್ಲಿ ಇಬ್ಬನಿಗೆ ಪ್ಯಾಂಟು ಮೊಣಕಾಲಿನವರೆಗೆ ನೆನೆದಿರುತ್ತದೆ. ಕಡ್ಡಿಯ ಮೇಲೆ ಮೊಗ್ಗುಗಳು ಜೋಡಿ ಜೋಡಿಯಾಗಿ ಕೂತಿರುತ್ತವೆ. ಬುಡದವು ದಪ್ಪ, ತುದಿಯವು ಅಕ್ಕಿಕಾಳಿನಷ್ಟು. ಕೆಳಗಿನ ಒಂದೆರಡು ಬಿರಿದಿರಬೇಕು, ಮೇಲಿನವು ಮುಚ್ಚಿರಬೇಕು. ಕಡ್ಡಿಸಮೇತ ಮಾರುವ ಹೂವಿಗೆ ಅದೇ ಹದ. ಒಂದೂ ಬಿರಿಯದೆ ಕೊಯ್ದರೆ ಮೇಲಿನ ಮೊಗ್ಗುಗಳು ಹೂದಾನಿಯಲ್ಲಿ ಹಾಗೇ ಬಾಡಿ ಹೋಗುತ್ತವೆ. ಐದಾರು ಬಿರಿದ ಮೇಲೆ ಕೊಯ್ದರೆ ಬಸ್ಸಿನಲ್ಲಿ ಒಂದಕ್ಕೊಂದು ಉಜ್ಜಿ, ಎಸಳಿನ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಹಾರಕ್ಕೆ ಬೇಕಾದ ಬಿಡಿ ಹೂವಿನ ಲೆಕ್ಕ ಬೇರೆ. ಅದನ್ನು ಬಿರಿಯುವ ಮುಂಚೆ, ಮೊಗ್ಗು ಉಬ್ಬಿ ನಿಂತಾಗ, ಸೂರ್ಯ ಹುಟ್ಟುವುದರೊಳಗೆ ಬಿಡಿಸಿ ಕೆಜಿ ಲೆಕ್ಕದಲ್ಲಿ ಕಳಿಸಬೇಕು. ಗಿಡ ಒಂದೇ, ಕೊಯ್ಲು ಎರಡು ತರ.

ನಮ್ಮ ತೋಟಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಅವರಿಗೆ ಟಾರ್ಚ್ ಬೇಡ. ಹೆಬ್ಬೆರಳಿನಲ್ಲಿ ಕೆಳಗಿನ ಮೊಗ್ಗನ್ನು ಹಾಗೇ ಒಮ್ಮೆ ಒತ್ತಿ ನೋಡುತ್ತಾರೆ. ‘ಇದು ನಾಳೀಕೆ’ ಅಂದು ಮುಂದಿನ ಕಡ್ಡಿಗೆ ಹೋಗುತ್ತಾರೆ. ಮಾರನೇ ದಿನ ನೋಡಿದರೆ ಆ ಕಡ್ಡಿ ಹೇಳಿ ಮಾಡಿಸಿದ ಹಾಗೆ ತಯಾರಾಗಿರುತ್ತದೆ. ಅವರ ಹಿಂದೆ ಹಿಂದೆ ಎರಡು ವರ್ಷ ಓಡಾಡಿದ ಮೇಲೆ ನನ್ನ ಬೆರಳಿಗೂ ಅದು ಸ್ವಲ್ಪ ಸ್ವಲ್ಪ ತಿಳಿಯಿತು. ನನಗೆ ಹೂವಿನ ಕೆಲಸ ಕಲಿಸಿದವರು ಯಾರು ಅಂತ ಕೇಳಿದರೆ ಮೊದಲು ಬರುವ ಹೆಸರು ಅವರದೇ.

ಜರ್ಬೆರಾಗೆ ಮಾತ್ರ ಚಾಕು ಮುಟ್ಟಿಸಬೇಡ. ಕಡ್ಡಿಯ ಬುಡ ಹಿಡಿದು, ಒಂದು ಪಕ್ಕಕ್ಕೆ ಬಾಗಿಸಿ, ಸ್ವಲ್ಪ ತಿರುಚಿ ಎಳೆದರೆ ‘ಟಕ್’ ಅಂತ ಬುಡಸಮೇತ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದರೆ ಗಿಡದಲ್ಲಿ ಮೋಟು ಉಳಿಯುತ್ತದೆ. ಆ ಮೋಟು ಕೊಳೆತು, ಕೊಳೆ ಗಿಡದ ಸುಳಿಗೇ ಇಳಿಯುತ್ತದೆ. ಇದಕ್ಕೂ ಒಂದು ಹದ ಇದೆ. ಹೂವಿನ ನಡುವೆ ಚಕ್ರ ಇರುತ್ತದಲ್ಲ, ಅದರ ಹೊರಗಿನ ಎರಡು ಸಾಲಿನಲ್ಲಿ ಹಳದಿ ಪರಾಗ ಕಾಣಬೇಕು. ಅದಕ್ಕಿಂತ ಮೊದಲು ಕಿತ್ತರೆ ನೋಡೋಕೆ ಚೆನ್ನಾಗೇ ಇರುತ್ತದೆ, ಆದರೆ ಎರಡನೇ ದಿನಕ್ಕೆ ಕತ್ತು ಬಗ್ಗಿಸುತ್ತದೆ. ಕಿತ್ತ ಮೇಲೆ ಕಡ್ಡಿಯ ಬುಡದಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆಯಬೇಕು. ಬುಡ ಗಟ್ಟಿ, ಅದು ನೀರು ಎಳೆಯಲ್ಲ.

ಗ್ಲಾಡಿಯೋಲಸ್ಸಿನ ಕತೆ ನಿನಗೆ ಇದುವರೆಗೆ ಹೇಳಿಲ್ಲ. ನನ್ನ ಮೊದಲ ವರ್ಷ ಅದು. ಗೆಡ್ಡೆ ನೆಟ್ಟು ಎಂಬತ್ತು ದಿನಕ್ಕೆಲ್ಲ ಕಡ್ಡಿ ಬಂತು. ಕೆಳಗಿನ ಮೊಗ್ಗು ಬಣ್ಣ ತೋರಿಸುತ್ತಿದ್ದ ಹಾಗೆ ಕೊಯ್ದೆ. ಮುಂದಿನ ಸಲಕ್ಕೆ ಗೆಡ್ಡೆ ಬಲಿಯಲಿ ಅಂತ ಗಿಡದಲ್ಲಿ ನಾಲ್ಕು ಎಲೆ ಬಿಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸಂಜೆ ಕೊಯ್ದ ಮುನ್ನೂರು ಕಡ್ಡಿಗಳನ್ನು ಶೆಡ್ಡಿನಲ್ಲಿ ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ಬೆಳಗಿನ ಮೊದಲ ಬಸ್ಸಿಗೆ ಅಂತ ಬಿಟ್ಟೆ. ಬೆಳಗ್ಗೆ ನೋಡುತ್ತೇನೆ, ಮುನ್ನೂರೂ ಕಡ್ಡಿಯ ತುದಿ ಹಾವು ಹೆಡೆ ಎತ್ತಿದ ಹಾಗೆ ಮೇಲಕ್ಕೆ ಬಗ್ಗಿದೆ! ಗಿಡದಿಂದ ಬೇರೆ ಆದ ಮೇಲೂ ಆ ತುದಿ ಬೆಳೆಯುತ್ತಲೇ ಇರುತ್ತದೆ ಕಣೋ. ನೆಲದ ಸೆಳೆತಕ್ಕೆ ಎದುರಾಗಿ ಆಕಾಶದ ಕಡೆಗೇ ಹೋಗುತ್ತದೆ. ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಮಂಡಿಯಲ್ಲಿ ಒಬ್ಬರು ಒಂದು ಕಟ್ಟು ಎತ್ತಿ ನೋಡಿದರು, ಏನೂ ಮಾತಾಡದೆ ಪಕ್ಕಕ್ಕಿಟ್ಟರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಒಮ್ಮೆ ಬಗ್ಗಿದ ತುದಿ ಮತ್ತೆ ನೇರ ಆಗಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರಿತ್ತು.

ಕೊಯ್ದ ಮೇಲೆ ಬಕೆಟ್ಟಿನದೇ ಮಾತು. ಹೂವನ್ನು ಕೊಲ್ಲೋದು ಬಿಸಿಲಿಗಿಂತ ಜಾಸ್ತಿ ಕೊಳಕು ಬಕೆಟ್ಟು. ನಿನ್ನೆಯ ಎಲೆ ಚೂರು ನೀರಿನಲ್ಲಿ ಕೊಳೆತು ಲೋಳೆ ಕಟ್ಟುತ್ತದೆ, ಆ ಲೋಳೆ ಕಡ್ಡಿಯ ನಳಿಕೆಗೆ ಸೇರಿ ನೀರಿನ ದಾರಿ ಮುಚ್ಚುತ್ತದೆ. ನಾನು ಅನ್ನ ಬಡಿಸುವ ಪಾತ್ರೆಯ ಹಾಗೆ ದಿನಾ ಉಜ್ಜಿ ತೊಳೆಸುತ್ತೇನೆ. ನೀರಿಗೆ ಮುಳುಗುವ ಎಲೆ ತೆಗೆದುಬಿಡಬೇಕು. ಕಡ್ಡಿ ನೀರಿಲ್ಲದೆ ಹೊರಗೆ ಇದ್ದರೆ ಒಳಗೆ ಗಾಳಿ ಹಿಡಿಯುತ್ತದೆ. ಆಗ ತುದಿಯನ್ನು ನೀರಿನೊಳಗೇ ಇಟ್ಟು ಇನ್ನೊಮ್ಮೆ ಓರೆಯಾಗಿ ಕತ್ತರಿಸಬೇಕು. ಮಟಮಟ ಮಧ್ಯಾಹ್ನ ಯಾವ ಹೂವನ್ನೂ ಕೊಯ್ಯಬೇಡ. ಬೆಳಗ್ಗೆ ಕೊಯ್ಯಿ, ಇಲ್ಲ ಬಿಸಿಲು ಇಳಿದ ಮೇಲೆ ಕೊಯ್ಯಿ. ಇನ್ನೊಂದು ಮಾತು, ಹೂವಿನ ಕೋಣೆಯಲ್ಲಿ ಮಾವಿನ ಹಣ್ಣೋ ಬಾಳೆಗೊನೆಯೋ ಇಡಬೇಡ. ಹಣ್ಣು ಮಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತದೆ. ಕಾರ್ನೇಷನ್ನಿನಂಥ ಹೂವು ಅದರ ಗಾಳಿ ತಗುಲಿದರೂ ಮುದುಡುತ್ತದೆ.

ಕೊಯ್ಲು ಕಲಿತ ಮೇಲೆ ಪಂಚಾಂಗ. ನಿಜವಾಗಿ ಹೇಳುತ್ತೇನೆ, ನಮ್ಮ ಮನೆಯಲ್ಲಿ ಪುರೋಹಿತರಿಗಿಂತ ಜಾಸ್ತಿ ಪಂಚಾಂಗ ತಿರುವಿ ಹಾಕೋದು ನಾನೇ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಲ್ಲ, ರೇಟು ಬೀಳುತ್ತದೆ. ಶ್ರಾವಣ ಹುಟ್ಟಿತು ಅಂದರೆ ಏರುತ್ತದೆ. ಹುಣ್ಣಿಮೆಯ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ. ಆ ಬುಧವಾರ, ಗುರುವಾರ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಆಮೇಲೆ ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ. ಹಬ್ಬದಿಂದ ಹಿಂದಕ್ಕೆ ಎಣಿಸಿ ನೆಡಬೇಕು. ಚೈನಾ ಆಸ್ಟರ್ ಸಸಿ ಮಡಿಯಲ್ಲಿ ಒಂದು ತಿಂಗಳು, ನೆಟ್ಟ ಮೇಲೆ ಎರಡೂವರೆಯಿಂದ ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಅಂದರೆ ಶ್ರಾವಣದ ಹೂವಿಗೆ ಏಪ್ರಿಲ್‌ನಲ್ಲೇ ಬೀಜ ಚೆಲ್ಲಬೇಕು. ಗುಲಾಬಿಯವರು ಫೆಬ್ರವರಿ 14ಕ್ಕೆ ಅಂತ ಡಿಸೆಂಬರ್ ಕೊನೆಗೇ ಗಿಡ ಸವರುತ್ತಾರೆ. ನಮ್ಮ ಲೆಕ್ಕವೂ ಹಾಗೇ.

ಈಗ ನಿನ್ನ ಜಮೀನಿಗೆ ಬರೋಣ. ಮೊದಲ ವರ್ಷ ಹದಿನೈದು ಗುಂಟೆ ಸಾಕು. ಹತ್ತು ಗುಂಟೆ ಸುಗಂಧರಾಜ, ಐದು ಗುಂಟೆ ಆಸ್ಟರ್. ಎರಡಕ್ಕೂ ಬಯಲೇ ಸಾಕು, ಪಾಲಿಹೌಸ್ ಬೇಡ. ಸುಗಂಧರಾಜ ನೆಡುವ ಜಾಗದಲ್ಲಿ ಮೊದಲು ಒಂದು ಬೆಳೆ ಚೆಂಡುಹೂವು ತೆಗೆ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಸುಗಂಧರಾಜದ ದೊಡ್ಡ ಶತ್ರು. ಚೆಂಡುಹೂವಿನ ಬೇರು ಅದನ್ನು ತಗ್ಗಿಸುತ್ತದೆ. ಅಡಿಗೊಂದು ಗೆಡ್ಡೆ, ಸಾಲಿನಿಂದ ಸಾಲಿಗೂ ಅಡಿ ಅಂತ ನೆಟ್ಟರೆ ಹತ್ತು ಗುಂಟೆಗೆ ಹತ್ತಿರ ಹತ್ತಿರ ಹನ್ನೊಂದು ಸಾವಿರ ಗೆಡ್ಡೆ ಬೇಕು. ಕಿತ್ತು ಮೂರ್ನಾಲ್ಕು ವಾರ ನೆರಳಲ್ಲಿ ಒಣಗಿದ, ಎರಡು ಸೆಂಟಿಮೀಟರಿಗಿಂತ ದಪ್ಪ ಇರುವ ಗೆಡ್ಡೆಯನ್ನೇ ಆರಿಸು. ಸಣ್ಣದು ಎಲೆ ಬಿಡುತ್ತದೆ, ಹೂವಿಗೆ ಕಾಯಿಸುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ನಮ್ಮ ಕಡೆಯ ಮಣ್ಣಿಗೆ ಹೊಂದುತ್ತವೆ. ಬಿಡಿ ಹೂವಿಗೆ ಎಸಳು ಒಂದೇ ಸುತ್ತು ಇರುವ ಪ್ರಜ್ವಲ್, ಅದರ ಮೊಗ್ಗಿನ ತುದಿಯಲ್ಲಿ ನಸುಗೆಂಪು ಇರುತ್ತದೆ. ಕಡ್ಡಿ ಹೂವಿಗೆ ಎಸಳಿನ ಸುತ್ತು ಜಾಸ್ತಿ ಇರುವ ಸುವಾಸಿನಿ. ಆಸ್ಟರ್‌ನಲ್ಲೂ ಅಲ್ಲಿಯದೇ ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ. ಆಸ್ಟರ್ ಬೀಜ ಹಳೆಯದಾದರೆ ಹುಟ್ಟಲ್ಲ, ಆಯಾ ವರ್ಷದ್ದನ್ನೇ ತಗೋ. ಸುಗಂಧರಾಜ ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ಅದೇ ಜಾಗದಲ್ಲಿ ಹೂವು ಕೊಡುತ್ತದೆ. ಆಮೇಲೆ ಕಿತ್ತರೆ ಗೆಡ್ಡೆ ಹಲವು ಪಟ್ಟು ಆಗಿರುತ್ತದೆ, ಅದನ್ನು ನೀನೇ ಮಾರಬಹುದು.

ಪಾಲಿಹೌಸ್ ಯಾಕೆ ಈಗಲೇ ಬೇಡ ಅಂತೀನಿ, ಕೇಳು. ನಾನು ಹತ್ತು ಗುಂಟೆಯಲ್ಲಿ ಜರ್ಬೆರಾ ಮಾಡಿದವನೇ. ಮಡಿ ಒಂದೂವರೆ ಅಡಿ ಎತ್ತರ, ಸುಳಿ ಮಣ್ಣಿಗೆ ತಾಗದ ಹಾಗೆ ನೆಟ್ಟದ್ದು, ಬಣ್ಣ ಬಣ್ಣದ ಹೂವು. ನೋಡಿದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ಅದೇ ದಿನ ದೇಶಕ್ಕೆಲ್ಲ ಬೀಗ ಬಿತ್ತು. ಮಾರ್ಕೆಟ್ ಇಲ್ಲ, ಬಸ್ ಇಲ್ಲ, ಮದುವೆ ಇಲ್ಲ. ಗಿಡಕ್ಕೆ ಅದೆಲ್ಲ ಎಲ್ಲಿ ಗೊತ್ತು? ಅದು ದಿನಾ ಹೂವು ಬಿಟ್ಟಿತು. ಕೀಳದೆ ಬಿಟ್ಟರೆ ಗಿಡ ಸೊರಗುತ್ತದೆ, ರೋಗ ಸೇರುತ್ತದೆ. ಅದಕ್ಕೆ ದಿನಾ ಬೆಳಗ್ಗೆ ಎಂದಿನ ಹಾಗೇ ಎದ್ದು, ಎಂದಿನ ಹಾಗೇ ಹದ ನೋಡಿ ಕಿತ್ತು, ತಳ್ಳುಗಾಡಿಯಲ್ಲಿ ತುಂಬಿ ತಿಪ್ಪೆಗೆ ಸುರಿದೆವು. ಅಜ್ಜಿ ಮಾತ್ರ ಒಂದು ಹಿಡಿ ಹೂವು ತೆಗೆದುಕೊಂಡು ಹೋಗಿ ಊರ ದೇವಸ್ಥಾನದ ಮುಚ್ಚಿದ ಬಾಗಿಲ ಮುಂದೆ ಇಟ್ಟು ಬರುತ್ತಿದ್ದರು. ಅಂಥ ದಿನ ಮತ್ತೆ ಬರದಿರಲಿ. ಆದರೆ ಪಾಲಿಹೌಸಿನ ಖರ್ಚು ಅಂಥದ್ದು. ಮೂರು ವರ್ಷಕ್ಕೆ ಗಿಡ ಬದಲಿಸಬೇಕು, ಮೇಲಿನ ಹಾಳೆ ಹರಿದರೆ ಅದನ್ನೂ ಬದಲಿಸಬೇಕು, ಒಂದು ಹಂಗಾಮು ಕೈಕೊಟ್ಟರೂ ಸಾಲ ಹಾಗೇ ನಿಂತಿರುತ್ತದೆ. ಕೈಗೆ ಹದ ಹತ್ತಿ, ಮಾರ್ಕೆಟ್ಟಿನಲ್ಲಿ ನಾಲ್ಕು ಜನ ನಿನ್ನ ಮಾಲು ಗುರುತು ಹಿಡಿಯುವ ಹಾಗಾದ ಮೇಲೆ ಕಟ್ಟಿಸು. ಆಗ ನಾನೇ ಬಂದು ಕಂಬ ನಿಲ್ಲಿಸುತ್ತೇನೆ.

ಒಂದು ಸಂಕಟ ನಿನ್ನ ಹತ್ತಿರ ಹೇಳಿಕೊಳ್ಳಬೇಕು. ಈಗ ಎಷ್ಟೋ ಮದುವೆ ಮಂಟಪಕ್ಕೆ ಪ್ಲಾಸ್ಟಿಕ್ ಹೂವು ಕಟ್ಟುತ್ತಾರೆ. ಹೋದ ತಿಂಗಳು ನೆಂಟರ ಮದುವೆಗೆ ಹೋಗಿದ್ದೆ. ಮಂಟಪದ ತುಂಬಾ ಬಿಳಿ ಹೂವು, ಹತ್ತಿರ ಹೋದರೆ ಒಂದಕ್ಕೂ ವಾಸನೆ ಇಲ್ಲ. ವಧೂವರರ ಕೊರಳಲ್ಲಿ ಮಾತ್ರ ಸುಗಂಧರಾಜದ ಹಾರ ಇತ್ತು. ಊಟಕ್ಕೆ ಕೂತರೂ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಿನ್ನ ಮನೆಯ ಸಮಾರಂಭಕ್ಕೆ ಒಂದು ಎಳೆ ಪ್ಲಾಸ್ಟಿಕ್ ಕೂಡ ಬೇಡ. ಎಷ್ಟು ಹೂವು ಬೇಕೋ ಹೇಳು, ನಾನು ತರುತ್ತೇನೆ.

ಮಾರೋದು ಎಲ್ಲಿ ಅಂತಲೂ ನೀನು ಕೇಳಿದ್ದೀಯ. ಬಿಡಿ ಹೂವಿಗೆ ಕೆ.ಆರ್. ಮಾರ್ಕೆಟ್, ಚಿಕ್ಕಬಳ್ಳಾಪುರ ಎರಡೂ ಇವೆ. ಕಡ್ಡಿ ಹೂವಿಗೆ ಹೆಬ್ಬಾಳದ ಹರಾಜು ಕೇಂದ್ರ ಒಮ್ಮೆ ನೋಡಿ ಬಾ. ಅಲ್ಲಿ ಉದ್ದ, ನೇರ, ಹೂವಿನ ಗಾತ್ರ ನೋಡಿ ಮಾಲನ್ನು ದರ್ಜೆ ಮಾಡುವುದನ್ನು ಕಣ್ಣಾರೆ ನೋಡಿದರೆ ಸಾಕು, ನಿನ್ನ ಹೊಲದಲ್ಲಿ ಏನು ಕೊಯ್ಯಬೇಕು, ಏನು ಬಿಡಬೇಕು ಅಂತ ತಾನಾಗಿ ತಿಳಿಯುತ್ತದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಭಾನುವಾರ ರಾತ್ರಿಯೇ ಬಂದುಬಿಡು. ನಾಲ್ಕು ದಿನ ಇರು. ಹಳೇ ಪ್ಯಾಂಟು ಎರಡು ಜೊತೆ ತಾ, ಚಾಕು ನಮ್ಮಲ್ಲಿದೆ. ಅಜ್ಜಿಗೆ ನಿನ್ನ ವಿಷಯ ಹೇಳಿದ್ದೇನೆ. ಅವರ ಪಕ್ಕದ ಸಾಲನ್ನೇ ನಿನಗೆ ಬಿಟ್ಟುಕೊಡುತ್ತಾರಂತೆ. ಬ್ಯಾಂಕಿನ ಕಾಗದಕ್ಕೆ ಅಲ್ಲಿಯವರೆಗೆ ಸಹಿ ಹಾಕಬೇಡ, ಆಯ್ತಾ?

ಮನೆಯಲ್ಲಿ ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ