ರಿಟಾರ್ಟ್ ಕುಲುಮೆಯ ದೋಷ ಸರಿಪಡಿಸುವಂತೆ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನೀವು ಪೂರೈಸಿದ 200 ಲೀಟರಿನ ಬಯೋಚಾರ್ (ಮಣ್ಣಿಗೆ ಸೇರಿಸುವ ಇದ್ದಿಲು) ರಿಟಾರ್ಟ್ ಕುಲುಮೆಯಲ್ಲಿ, ಅಂದರೆ ಮುಚ್ಚಿದ ಡ್ರಮ್ಮನ್ನು ಹೊರಗಿನಿಂದ ಕಾಯಿಸುವ ಕುಲುಮೆಯಲ್ಲಿ, ಬೆಳೆ ಉಳಿಕೆ ಪೂರ್ತಿ ಇದ್ದಿಲಾಗದಿರುವುದು, ಅನಿಲದ ಕೊಳವೆ ಕಟ್ಟಿಕೊಳ್ಳುವುದು.

ಮಾನ್ಯರೇ,

ಮೀಟರ್ 550 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೂ ಡ್ರಮ್ಮಿನ ನಡುಭಾಗದ ಹತ್ತಿ ಕಡ್ಡಿ ಕಂದಾಗಿಯೇ ಉಳಿಯುತ್ತಿದೆ. ಬಗ್ಗಿಸಿದರೆ ಚಟ್ ಎಂದು ಮುರಿಯದೆ ನಾರು ಏಳುತ್ತದೆ, ಕೈಗೆ ಜಿಡ್ಡು ಹತ್ತುತ್ತದೆ. ಕಾರಣ, ಬಿಸಿ ಅಳೆಯುವ ಥರ್ಮೋಕಪಲ್ಲನ್ನು ಒಳಡ್ರಮ್ಮಿನ ಹೊರಮೈಗೆ ಕೂರಿಸಿದ್ದೀರಿ. ಅದು ಅಳೆಯುವುದು ತಗಡಿನ ಬಿಸಿಯನ್ನು, ಸರಕಿನ ಬಿಸಿಯನ್ನಲ್ಲ. ಗೋಡೆಗೆ ತಾಗಿದ ಪದರ ಮೊದಲು ಇದ್ದಿಲಾಗುತ್ತದೆ. ಸಡಿಲ ಇದ್ದಿಲು ಶಾಖವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒತ್ತಾಗಿ ಕೂರುವ ಭತ್ತದ ಹೊಟ್ಟಿನಲ್ಲಂತೂ ನಡುಭಾಗ ಹಾಗೆಯೇ ಉಳಿಯುತ್ತದೆ. ತೇವಾಂಶ ಶೇ. 15ಕ್ಕಿಂತ ಕಡಿಮೆ ಇರುವುದನ್ನು ಅಳೆದೇ ತುಂಬುತ್ತಿದ್ದೇವೆ, ಆದ್ದರಿಂದ ಹಸಿ ಸರಕಿನ ಕಾರಣ ಹೇಳಬೇಡಿ.

ಬರೀ ಕಡ್ಡಿ ಸುಡುವುದಾಗಿದ್ದರೆ ಬಾಯ್ತೆರೆದ ಶಂಕುವಿನಾಕಾರದ ಕುಲುಮೆಯೇ ಸಾಕಿತ್ತು: ತೆಳುವಾಗಿ ಪದರದ ಮೇಲೆ ಪದರ ಹಾಕುತ್ತಾ ಹೋದರೆ ಮೇಲಿನ ಜ್ವಾಲೆಯೇ ಕೆಳಗಿನ ಇದ್ದಿಲಿಗೆ ಗಾಳಿ ತಾಗದಂತೆ ಕಾಯುತ್ತದೆ, ಕೊನೆಗೆ ನೀರು ಸುರಿದು ನಂದಿಸಬಹುದು. ಹೊಟ್ಟು ಹಾಕಿದರೆ ಆ ಜ್ವಾಲೆ ಅಡಗಿಹೋಗುತ್ತದೆ. ರಿಟಾರ್ಟ್ ಕೊಂಡದ್ದೇ ಹೊಟ್ಟಿಗಾಗಿ.

ಎರಡನೆಯ ದೋಷ ಜೀವಕ್ಕೇ ಅಪಾಯ. ಕಾಯುವ ಸರಕಿನಿಂದ ಏಳುವ ಅನಿಲವನ್ನು ಉರಿಗೂಡಿಗೆ ಒಯ್ಯುವ ಅರ್ಧ ಇಂಚಿನ ಕೊಳವೆ ಹೊರಗಾಳಿಗೆ ಒಡ್ಡಿಕೊಂಡಿದೆ. ಅಲ್ಲಿ ಟಾರ್ (ಹೊಗೆಯಲ್ಲಿರುವ ಅಂಟು ಎಣ್ಣೆ) ತಣಿದು ಅಂಟಿ ದಾರಿ ಮುಚ್ಚುತ್ತದೆ, ಒಳಗೆ ಒತ್ತಡ ಏರುತ್ತದೆ, ಮುಚ್ಚಳದ ಸಂದಿನಿಂದ ಹಳದಿ ಹೊಗೆ ನುಗ್ಗುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಕಿಡಿ ತಗುಲಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒತ್ತಡ ಬಿಡುವ ವಾಲ್ವ್ ಎಲ್ಲಿಯೂ ಇಲ್ಲ.

ಮುಚ್ಚಳದ ಸಂದು ಮುಚ್ಚುವ ಗಾಜಿನ ನೂಲಿನ ಹಗ್ಗ ಬಿಸಿಗೆ ಗಡುಸಾಗಿ ಪುಡಿಯಾಗಿದೆ. ಕುಲುಮೆ ತಣಿಯುವಾಗ ಅದೇ ಸಂದಿನಿಂದ ಗಾಳಿ ಒಳಹೋಗಿ ಮೇಲಿನ ಇದ್ದಿಲು ಬಿಳಿ ಬೂದಿಯಾಗುತ್ತಿದೆ. ಇಷ್ಟರ ಮೇಲೆ, ಹೊಗೆ ನಿಂತ ಅರ್ಧ ಗಂಟೆಗೆ ಮುಚ್ಚಳ ತೆಗೆಯಬಹುದೆಂದು ನಿಮ್ಮ ಕೈಪಿಡಿ ಹೇಳುತ್ತದೆ. ಬಿಸಿ ಇದ್ದಿಲಿಗೆ ಗಾಳಿ ತಾಗಿದರೆ ತಾನಾಗಿ ಕೆಂಡವಾಗುತ್ತದೆ. ಆ ಸಾಲನ್ನು ಕೂಡಲೇ ತೆಗೆದು, ಎಲ್ಲ ಗ್ರಾಹಕರಿಗೂ ತಿಳಿಸಿ.

ಡ್ರಮ್ಮಿನ ನಡುವೆ ಉರಿಯ ಬಿಸಿ ಹಾಯುವ ಕೊಳವೆ, ಸರಕಿನೊಳಗೆ ಇಳಿಯುವ ಕೆ-ಮಾದರಿ ಥರ್ಮೋಕಪಲ್, ಶಾಖ ನಿರೋಧಕದೊಳಗೇ ಸಾಗುವ ಒಂದೂವರೆ ಇಂಚಿನ ಗಿಡ್ಡ ಅನಿಲ ಕೊಳವೆ, ಅದರೊಳಗಿನ ಟಾರ್ ಕೆರೆದು ತೆಗೆಯಲು ತಿರುಪಿನ ಮುಚ್ಚಳ, ಒತ್ತಡದ ವಾಲ್ವ್, ಸೆರಾಮಿಕ್ ಫೈಬರ್ ಹಗ್ಗ ಇಷ್ಟನ್ನು ನಿಮ್ಮ ಖರ್ಚಿನಲ್ಲಿ 15 ದಿನಗಳೊಳಗೆ ಅಳವಡಿಸಿಕೊಡಿ. ಆಗದಿದ್ದರೆ ಕುಲುಮೆ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸಿ. ಅಲ್ಲಿಯವರೆಗೆ ಅದಕ್ಕೆ ಬೆಂಕಿ ಹಾಕುವುದಿಲ್ಲ.

ಇಂತಿ,
ಬಯೋಚಾರ್ ಉತ್ಪಾದಕರ ಗುಂಪಿನ ಪರವಾಗಿ